ಎಡಿನ್‌ಬರೋದಲ್ಲಿ ನಿಂತು ‘ಇಂಗ್ಲೆಂಡ್’ ಅನ್ನಬಾರದು

ಮಗ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಓದುತ್ತಿದ್ದರೂ ಊರಲ್ಲಿ ಅವನ ತಾಯಿ ಹೇಳುವುದು ‘ಇಂಗ್ಲೆಂಡಲ್ಲಿದಾನೆ’ ಎಂದೇ. ಶಾಲೆಯ ಇತಿಹಾಸದ ಪಾಠದಲ್ಲೂ ಅಷ್ಟೆ. ಆಂಗ್ಲರು, ಇಂಗ್ಲಿಷರು, ಬ್ರಿಟಿಷರು, ಈ ಮೂರೂ ನಮಗೆ ಒಂದೇ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್‌ಲೆಂಡಿನವನು. ಆ ಯುದ್ಧದ ಬೆನ್ನಿಗೇ ಕೆನರಾ ಜಿಲ್ಲೆಗೆ ಕಲೆಕ್ಟರನಾಗಿ ಬಂದು ಕಂದಾಯ ಗೊತ್ತುಮಾಡಿದ ಥಾಮಸ್ ಮನ್ರೋ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಮೈಸೂರು ಸೀಮೆಯನ್ನು ಅಳೆಸಿದ, ನಮ್ಮ ಇತಿಹಾಸಕಾರರು ಇಂದಿಗೂ ತಿರುವಿ ನೋಡುವ ಕೈಫಿಯತ್ತುಗಳನ್ನು, ಅಂದರೆ ಊರೂರಿನ ವೃತ್ತಾಂತಗಳನ್ನು, ಬರೆಸಿ ಕೂಡಿಸಿದ ಕಾಲಿನ್ ಮೆಕೆಂಜಿ ಬಂದಿದ್ದು ಸ್ಕಾಟ್‌ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಊರಿನಿಂದ. ಮೂವರನ್ನೂ ನಾವು ಇಂಗ್ಲಿಷರ ಲೆಕ್ಕಕ್ಕೇ ಬರೆದುಕೊಂಡೆವು.

ಇದರಿಂದ ನಮಗೇನೂ ನಷ್ಟವಿಲ್ಲ. ಆದರೆ ಎಡಿನ್‌ಬರೋದಲ್ಲಿ ಟ್ಯಾಕ್ಸಿ ಹತ್ತಿ ‘ನಿಮ್ಮ ಇಂಗ್ಲೆಂಡ್ ಬಹಳ ಚೆನ್ನಾಗಿದೆ’ ಅಂದು ನೋಡಿ. ಬೈಯುವುದಿಲ್ಲ, ಜಗಳಕ್ಕೂ ಬರುವುದಿಲ್ಲ. ‘ಇದು ಸ್ಕಾಟ್‌ಲೆಂಡ್’ ಎಂದು ತಿದ್ದುತ್ತಾರೆ, ಅಷ್ಟೆ. ಹೊರಗಿನವರಾದ ನಮ್ಮ ತಪ್ಪನ್ನು ಅವರು ಬೇಗ ಮನ್ನಿಸುತ್ತಾರೆ. ಇದೇ ತಪ್ಪನ್ನು ಲಂಡನ್ನಿನವರೊಬ್ಬರು ಮಾಡಿದರೆ ಅಷ್ಟು ಸುಲಭವಾಗಿ ಮನ್ನಿಸುವುದಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಆ ಎರಡು ನಾಡುಗಳ ಜನರ ನಡುವಿನ ಸಂಬಂಧವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ನಕ್ಷೆ. ನಾವು ಯುಕೆ ಎನ್ನುವ ದೇಶದೊಳಗೆ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಎಂಬ ನಾಲ್ಕು ನಾಡುಗಳಿವೆ. ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ಮಕ್ಕಳಿಲ್ಲದೆ ತೀರಿಕೊಂಡಾಗ, 1603ರಲ್ಲಿ, ಸ್ಕಾಟ್‌ಲೆಂಡಿನ ದೊರೆ ಜೇಮ್ಸ್ ಎರಡೂ ಸಿಂಹಾಸನಗಳಿಗೆ ಒಡೆಯನಾದ. ದೊರೆ ಒಬ್ಬನೇ ಆದರೂ ರಾಜ್ಯಗಳು ಬೇರೆಯಾಗಿಯೇ ಉಳಿದವು. 1707ರಲ್ಲಿ ಎರಡೂ ಪಾರ್ಲಿಮೆಂಟುಗಳು ತಮ್ಮನ್ನು ತಾವು ಮುಚ್ಚಿಕೊಂಡು ಲಂಡನ್ನಿನಲ್ಲಿ ಒಂದೇ ಪಾರ್ಲಿಮೆಂಟ್ ಆದವು. ಹಾಗೆ ಕೂಡುವಾಗ ಸ್ಕಾಟರು ಕೆಲವನ್ನು ಬಿಟ್ಟುಕೊಡಲಿಲ್ಲ. ಅವರ ಕಾನೂನು, ಅವರ ಚರ್ಚು, ಅವರ ಶಾಲೆಗಳು ಬೇರೆಯಾಗಿಯೇ ಉಳಿದವು. ಇಂದಿಗೂ ಅಲ್ಲಿನ ನ್ಯಾಯಾಲಯ ಬೇರೆ, ಪರೀಕ್ಷೆ ಬೇರೆ, ಬೇಸಿಗೆ ರಜೆಯ ತಿಂಗಳೂ ಬೇರೆ. ಸರ್ಕಾರ ಹೋಯಿತು, ನಾಡು ಉಳಿಯಿತು.

ಇನ್ನು ಗಾತ್ರ. 2021ರ ಜನಗಣತಿಯಂತೆ ಇಂಗ್ಲೆಂಡಿನಲ್ಲಿ ಸುಮಾರು 5 ಕೋಟಿ 65 ಲಕ್ಷ ಜನ. ಮರುವರ್ಷ ನಡೆದ ಸ್ಕಾಟ್‌ಲೆಂಡಿನ ಗಣತಿಯಲ್ಲಿ ಸಿಕ್ಕಿದ್ದು ಸುಮಾರು 54 ಲಕ್ಷ. ಒಬ್ಬರಿಗೆ ಹತ್ತು ಮಂದಿ. ನನ್ನ ಮಟ್ಟಿಗೆ ಈ ಪುರಾಣದ ಬೀಗದ ಕೈ ಇರುವುದು ಇಲ್ಲೇ. ಎರಡೂ ಕಡೆ ಪೂರ್ವಗ್ರಹಗಳಿವೆ, ನಿಜ. ಆದರೆ ಅವು ಒಂದೇ ಜಾತಿಯವಲ್ಲ. ಆನೆ ನಡೆದದ್ದೇ ದಾರಿ ಎಂಬ ಮಾತು ನಮ್ಮಲ್ಲಿದೆ. ಆನೆಗೆ ತಾನು ದಾರಿ ಮಾಡುತ್ತಿದ್ದೇನೆ ಎಂಬ ಅರಿವೂ ಇರುವುದಿಲ್ಲ. ಕಾಲಿನ ಬುಡದಲ್ಲಿರುವವರಿಗೆ ಮಾತ್ರ ಅದರ ಒಂದೊಂದು ಹೆಜ್ಜೆಯೂ ಲೆಕ್ಕ. ಇಂಗ್ಲಿಷರ ಕಡೆಯದು ಬಹುಪಾಲು ಮರೆವು. ಸ್ಕಾಟರ ಕಡೆಯದು, ಮತ್ತೆ ಮರೆತರೇ ಎಂದು ಕಾದು ನೋಡುವ ಕಣ್ಣು.

ಈ ಮರೆವು ಹೇಗಿರುತ್ತದೆ ಎನ್ನುವುದಕ್ಕೆ ನೋಟಿನ ಉದಾಹರಣೆಯೇ ಸಾಕು. ಸ್ಕಾಟ್‌ಲೆಂಡಿನ ಮೂರು ಬ್ಯಾಂಕುಗಳು ತಮ್ಮದೇ ಪೌಂಡ್ ನೋಟುಗಳನ್ನು ಅಚ್ಚು ಹಾಕುತ್ತವೆ. ಬೆಲೆ ಒಂದೇ, ಚಿತ್ರ ಬೇರೆ. ಅವನ್ನು ಇಂಗ್ಲೆಂಡಿನ ಅಂಗಡಿಯಲ್ಲಿ ಕೊಟ್ಟರೆ ಗಲ್ಲೆಯಲ್ಲಿ ಕೂತ ಹುಡುಗ ನೋಟನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಮ್ಯಾನೇಜರನ್ನು ಕರೆಯುವುದುಂಟು. ಕೆಲವೊಮ್ಮೆ ‘ಇದು ನಡೆಯಲ್ಲ’ ಎಂದು ವಾಪಸು ಕೊಡುವುದೂ ಉಂಟು. ಆಗ ಸ್ಕಾಟ್‌ಲೆಂಡಿನವರು ‘ಇದು ಕಾನೂನುಬದ್ಧ ಹಣ’ ಎಂದು ವಾದಕ್ಕೆ ಇಳಿಯುತ್ತಾರೆ. ಕಾನೂನು ನೋಡಿದರೆ ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಸಾಲ ತೀರಿಸಲು ಕೋರ್ಟಿನಲ್ಲಿ ಕಟ್ಟಿದರೆ ತೆಗೆದುಕೊಳ್ಳಲೇಬೇಕಾದ ಹಣ ಎಂಬ ಇಕ್ಕಟ್ಟಾದ ಅರ್ಥದಲ್ಲಿ, ಸ್ಕಾಟ್‌ಲೆಂಡಿನಲ್ಲಿ ಯಾವ ನೋಟಿಗೂ ಆ ಸ್ಥಾನವಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟಿಗೂ ಇಲ್ಲ. ಟಂಕಸಾಲೆಯ ನಾಣ್ಯಗಳಿಗಷ್ಟೇ ಇದೆ. ಇನ್ನು ಅಂಗಡಿಯವರು ಯಾವ ನೋಟನ್ನು ತೆಗೆದುಕೊಳ್ಳಬೇಕು ಎನ್ನುವುದು ಅವರಿಗೆ ಬಿಟ್ಟದ್ದು. ಆದರೆ ಆ ಗಲ್ಲೆಯ ಮುಂದೆ ನಿಂತವರಿಗೆ ನೋವಾಗುವುದು ಕಾನೂನಿನ ವಿಚಾರಕ್ಕಲ್ಲ. ಮುನ್ನೂರು ವರ್ಷ ಒಂದೇ ದೇಶವಾಗಿ ಬಾಳಿದ ಮೇಲೂ ನನ್ನ ಜೇಬಿನ ಹಣವನ್ನು ನೀನು ಗುರುತಿಸುವುದಿಲ್ಲವಲ್ಲ, ಆ ನೋವು.

2005ರಲ್ಲಿ ಬಿಬಿಸಿ ತನ್ನ ಹವಾಮಾನದ ನಕ್ಷೆಯನ್ನು ಹೊಸದಾಗಿ ಮಾಡಿತು. ದಕ್ಷಿಣದ ಆಕಾಶದಿಂದ ಓರೆಯಾಗಿ ನೋಡಿದಂತೆ ಇತ್ತು ಅದು. ಹತ್ತಿರದ ದಕ್ಷಿಣ ಇಂಗ್ಲೆಂಡ್ ಹಿಗ್ಗಿತು, ದೂರದ ಸ್ಕಾಟ್‌ಲೆಂಡ್ ಕುಗ್ಗಿತು. ಉತ್ತರದಿಂದ ದೂರುಗಳು ಬಂದವು, ಓರೆಯನ್ನು ಕಡಿಮೆ ಮಾಡಬೇಕಾಯಿತು. ನಕ್ಷೆ ಬರೆದವರಿಗೆ ಕೆಟ್ಟ ಉದ್ದೇಶ ಇದ್ದಿರಲಾರದು. ಹೊಳೆಯಲೇ ಇಲ್ಲ, ಅಷ್ಟೆ. ಇಂಗ್ಲೆಂಡಿನ ಆಸ್ಪತ್ರೆ, ಇಂಗ್ಲೆಂಡಿನ ಶಾಲೆಗಳ ಸುದ್ದಿಯನ್ನು ಇಡೀ ದೇಶದ ಸುದ್ದಿಯೆಂಬಂತೆ ಓದುವುದೂ ಹೀಗೆಯೇ. ಸ್ಕಾಟ್‌ಲೆಂಡಿನಲ್ಲಿ ಅವೆರಡನ್ನೂ ನೋಡಿಕೊಳ್ಳುವುದು 1999ರಲ್ಲಿ ಎಡಿನ್‌ಬರೋಗೆ ಮರಳಿದ ಪಾರ್ಲಿಮೆಂಟು, ಅಲ್ಲಿನ ಸರ್ಕಾರ. ಇದೇ ಮರೆವು ಸ್ಕಾಟ್‌ಲೆಂಡಿನ ಒಳಗೂ ಇದೆ ಎನ್ನುವುದನ್ನು ಹೇಳಿಬಿಡಬೇಕು. ದೂರದ ಶೆಟ್‌ಲೆಂಡ್ ದ್ವೀಪಗಳನ್ನು ಅಲ್ಲಿಯ ನಕ್ಷೆಗಳಲ್ಲಿ ಕಿತ್ತು ತಂದು ಮೂಲೆಯ ಒಂದು ಚೌಕದಲ್ಲಿ ಕೂರಿಸುವ ರೂಢಿ ಇತ್ತು. ದ್ವೀಪದವರು ಬೇಸತ್ತು ದನಿಯೆತ್ತಿದ ಮೇಲೆ 2018ರಲ್ಲಿ ಸರ್ಕಾರಿ ಸಂಸ್ಥೆಗಳು ಹಾಗೆ ಮಾಡಬಾರದೆಂದು ಎಡಿನ್‌ಬರೋದಲ್ಲಿ ಕಾನೂನನ್ನೇ ತರಬೇಕಾಯಿತು.

ಇಂಗ್ಲಿಷರದು ಯಾವಾಗಲೂ ಬರಿಯ ಮರೆವಾಗಿರಲಿಲ್ಲ. ಹದಿನೆಂಟನೇ ಶತಮಾನದಲ್ಲಿ ಅದು ಬಾಯಿಬಿಟ್ಟ ತಾತ್ಸಾರವೇ. ಪಾರ್ಲಿಮೆಂಟ್ ಒಂದಾದ ಮೇಲೆ ಓದಿದ, ದುಡಿಯಲು ಸಿದ್ಧರಾದ ಸ್ಕಾಟರು ಲಂಡನ್ನಿಗೆ ಸಾಲುಗಟ್ಟಿದರು. ಕೆಲಸ ಕಸಿಯಲು ಬಂದವರು, ಜಿಪುಣರು, ಒಬ್ಬರಿಗೊಬ್ಬರು ಹಿಂಬಾಗಿಲಿನಿಂದ ನೌಕರಿ ಕೊಡಿಸುವವರು ಎಂಬ ಮಾತು ಹುಟ್ಟಿತು. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೊರಗಿನಿಂದ ಬಂದವರ ಬಗ್ಗೆ ಆಡುವ ಮಾತನ್ನು ಕೇಳಿದವರಿಗೆ ಇದು ಹೊಸತಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಹೆಸರಾಂತ ನಿಘಂಟಿನಲ್ಲಿ ಓಟ್ಸ್ ಎಂಬ ಪದಕ್ಕೆ ಅರ್ಥ ಬರೆಯುತ್ತ, ಇಂಗ್ಲೆಂಡಿನಲ್ಲಿ ಅದನ್ನು ಕುದುರೆಗೆ ಹಾಕುತ್ತಾರೆ, ಸ್ಕಾಟ್‌ಲೆಂಡಿನಲ್ಲಿ ಜನ ತಿನ್ನುತ್ತಾರೆ ಎಂಬ ಚುಚ್ಚನ್ನು ಸೇರಿಸಿದ. ಆ ನಿಘಂಟಿಗಾಗಿ ಅವನ ಕೈಕೆಳಗೆ ನಕಲು ಮಾಡಿಕೊಟ್ಟ ಆರು ಸಹಾಯಕರಲ್ಲಿ ಐವರು ಸ್ಕಾಟರು. 1762ರಲ್ಲಿ ಲಾರ್ಡ್ ಬ್ಯೂಟ್ ಪ್ರಧಾನಿಯಾದ ಮೊದಲ ಸ್ಕಾಟ್ ಎನಿಸಿಕೊಂಡಾಗ ಲಂಡನ್ನಿನ ವ್ಯಂಗ್ಯಚಿತ್ರಗಳೂ ಕರಪತ್ರಗಳೂ ಅವನ ನಾಡನ್ನೇ ಹಿಡಿದು ಜಾಡಿಸಿದವು.

ನನ್ನನ್ನು ಹೆಚ್ಚು ಕಲಕುವುದು ಹೊರಗಿನ ಈ ತಾತ್ಸಾರವಲ್ಲ, ಅದು ಒಳಗೆ ಇಳಿದ ಬಗೆ. ತತ್ವಜ್ಞಾನಿ ಡೇವಿಡ್ ಹ್ಯೂಮ್, ಯುರೋಪೆಲ್ಲ ತಲೆಬಾಗಿದ ಪಂಡಿತ, ಬರವಣಿಗೆಯಲ್ಲಿ ಬಿಡಬೇಕಾದ ಸ್ಕಾಟಿಷ್ ನುಡಿಗಟ್ಟುಗಳ ಪಟ್ಟಿಯೊಂದನ್ನು ಮಾಡಿದ. 1761ರಲ್ಲಿ ಥಾಮಸ್ ಶೆರಿಡನ್ ಎಂಬ ಐರ್ಲೆಂಡಿನವನು ಎಡಿನ್‌ಬರೋಗೆ ಬಂದು ಇಂಗ್ಲಿಷನ್ನು ಸರಿಯಾಗಿ ಉಚ್ಚರಿಸುವುದು ಹೇಗೆಂದು ಪಾಠ ಮಾಡಿದಾಗ ಊರಿನ ದೊಡ್ಡ ಮನುಷ್ಯರು ದುಡ್ಡು ಕೊಟ್ಟು ಕೂತು ಕೇಳಿದರು. ಮನೆಯಲ್ಲಿ ಅಜ್ಜಿ ಆಡುವ ಮಾತು ತರಗತಿಯಲ್ಲಿ ತಪ್ಪಾಗುವ ಈ ಸಂಕಟ ಕನ್ನಡದ ಮಕ್ಕಳಿಗೆ ಗೊತ್ತು. ಧಾರವಾಡದ, ಕುಂದಾಪುರದ, ಚಾಮರಾಜನಗರದ ಮಕ್ಕಳಿಗೆ ಇನ್ನೂ ಚೆನ್ನಾಗಿ ಗೊತ್ತು. ಸ್ಕಾಟ್ಸ್ ನುಡಿಯನ್ನು ಆಡಿದ್ದಕ್ಕೆ ಶಾಲೆಗಳಲ್ಲಿ ಬೈಸಿಕೊಂಡ, ಏಟು ತಿಂದ ನೆನಪುಗಳು ಅಲ್ಲಿನ ಹಿರಿಯರಲ್ಲಿ ಇನ್ನೂ ಹಸಿಯಾಗಿವೆ. 2011ರ ಗಣತಿಯಲ್ಲಿ ಸುಮಾರು 15 ಲಕ್ಷ ಜನ ಆ ನುಡಿ ತಮಗೆ ಬರುತ್ತದೆಂದು ಬರೆಸಿದರು.

ಹಾಗೆಂದು ಇದನ್ನು ಇಂಗ್ಲಿಷರು ಆಳಿದರು, ಸ್ಕಾಟರು ನರಳಿದರು ಎಂಬ ಕಥೆ ಮಾಡಿದರೆ ಅದು ಸುಳ್ಳಾಗುತ್ತದೆ. ಸ್ಕಾಟ್‌ಲೆಂಡಿನ ಗುಡ್ಡಗಾಡಿನ ಬಂಡಾಯವನ್ನು ಮುಗಿಸಿದ 1746ರ ಕಲೋಡನ್ ಕಾಳಗವನ್ನು ಜನಪ್ರಿಯ ಕಥೆಗಳು ಹಾಗೇ ಹೇಳುತ್ತವೆ. ಅಲ್ಲಿ ಗೆದ್ದ ಸರ್ಕಾರಿ ಪಡೆಯಲ್ಲಿ ಸ್ಕಾಟರೂ ಇದ್ದರು. ಬಯಲುಸೀಮೆಯ ಸ್ಕಾಟರಲ್ಲಿ ಬಹಳ ಮಂದಿಗೆ ಗುಡ್ಡಗಾಡಿನ ಬಂಡಾಯಗಾರರು ಸೋತದ್ದೇ ನೆಮ್ಮದಿಯಾಗಿತ್ತು. ಇಂಗ್ಲಿಷರನ್ನು ಹಂಗಿಸಲು ಇಂದು ಬಳಸುವ ‘ಸ್ಯಾಸೆನಾಕ್’ ಎಂಬ ಪದ ಗೇಲಿಕ್ ನುಡಿಯದು. ಸ್ಯಾಕ್ಸನ್ ಎಂಬುದು ಅದರ ಮೂಲ. ಗುಡ್ಡಗಾಡಿನ ಗೇಲಿಕ್ ಮಂದಿ ಒಂದು ಕಾಲಕ್ಕೆ ಬಯಲಿನ ಸ್ಕಾಟರನ್ನೂ ಅದೇ ಹೆಸರಿನಿಂದ ಕರೆದದ್ದುಂಟು. ಗುಡ್ಡಗಾಡಿನ ಬಡ ಒಕ್ಕಲುಗಳನ್ನು ಎಬ್ಬಿಸಿ ಕುರಿ ಬಿಟ್ಟ ಜಮೀನ್ದಾರರಲ್ಲಿ ಸ್ಕಾಟರೇ ಹೆಚ್ಚು. ಸಾಮ್ರಾಜ್ಯದ ಲಾಭದಲ್ಲಂತೂ ಅವರಿಗೆ ಕೈತುಂಬ ಪಾಲಿತ್ತು. ಗ್ಲಾಸ್ಗೋದ ತಂಬಾಕು ವರ್ತಕರ ಸಂಪತ್ತಿನ ಹಿಂದೆ ಗುಲಾಮರ ದುಡಿಮೆ ಇತ್ತು. ಡಂಡಿಯ ಗಿರಣಿಗಳು ಓಡಿದ್ದು ಬಂಗಾಳದ ಸೆಣಬಿನಿಂದ. ಸ್ಕಾಟ್‌ಲೆಂಡ್ ಇಂಗ್ಲೆಂಡಿನ ವಸಾಹತಾಗಿತ್ತು ಎಂದು ಯಾರಾದರೂ ಹೇಳಿದಾಗ, ಶ್ರೀರಂಗಪಟ್ಟಣದ ಕೋಟೆ ಕಂಡ ನಾವು ಒಪ್ಪುವುದು ಕಷ್ಟ.

ಇಂದಿನ ಕಹಿಗೆ ಇಷ್ಟು ಹಳೆಯ ಬೇರು ಬೇಕಾಗಿಲ್ಲ. 1987ರ ಚುನಾವಣೆಯಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಪಕ್ಷಕ್ಕೆ ಸ್ಕಾಟ್‌ಲೆಂಡಿನ 72 ಸ್ಥಾನಗಳಲ್ಲಿ ಸಿಕ್ಕಿದ್ದು 10. ಆದರೂ ಇಂಗ್ಲೆಂಡಿನ ಮತಗಳ ಬಲದಿಂದ ದೇಶ ಅವರದೇ. ಗಣಿ, ಉಕ್ಕು, ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ಬಡವರಿಗೂ ಸಿರಿವಂತರಿಗೂ ತಲೆಗೆ ಇಷ್ಟು ಎಂದು ಸಮನಾಗಿ ಹೇರುವ ಪೋಲ್ ಟ್ಯಾಕ್ಸನ್ನು ಸ್ಕಾಟ್‌ಲೆಂಡಿನಲ್ಲಿ 1989ರಲ್ಲೇ ತಂದರು, ಇಂಗ್ಲೆಂಡಿಗೆ ಬಂದದ್ದು ಮರುವರ್ಷ. ನಮ್ಮ ಮೇಲೆ ಪ್ರಯೋಗ ಮಾಡಿದರು ಎಂಬ ಮಾತು ಅಲ್ಲಿ ಮನೆಮನೆಯಲ್ಲೂ ಹುಟ್ಟಿತು, ಇನ್ನೂ ಆರಿಲ್ಲ. ಇಂಗ್ಲೆಂಡಿನ ಉತ್ತರದ ಗಣಿ ಊರುಗಳೂ ಇದೇ ಏಟು ತಿಂದಿದ್ದವು. ಅದಕ್ಕೇ ಸ್ಕಾಟ್‌ಲೆಂಡಿನ ಪಬ್ಬಿನಲ್ಲಿ ನ್ಯೂಕ್ಯಾಸಲ್, ಲಿವರ್‌ಪೂಲ್ ಕಡೆಯ ಉಚ್ಚಾರಕ್ಕೆ ಸಿಗುವ ಸಲುಗೆ ಲಂಡನ್ನಿನ ಸಾಹುಕಾರರ ಉಚ್ಚಾರಕ್ಕೆ ಸಿಗುವುದಿಲ್ಲ. ಎಷ್ಟೋ ಸಲ ಇಂಗ್ಲಿಷರ ಮೇಲಿನ ಸಿಟ್ಟು ಎನ್ನುವುದು ವರ್ಗದ ಸಿಟ್ಟೇ, ನಾಡಿನ ಅಂಗಿ ತೊಟ್ಟುಕೊಂಡಿರುತ್ತದೆ.

ಇಂಗ್ಲಿಷರಿಗೂ ದೂರುಗಳಿವೆ, ಎಲ್ಲವೂ ಹುಸಿಯಲ್ಲ. ಸರ್ಕಾರ ಸ್ಕಾಟ್‌ಲೆಂಡಿನಲ್ಲಿ ಒಬ್ಬೊಬ್ಬರಿಗೆ ಮಾಡುವ ವೆಚ್ಚ ಇಂಗ್ಲೆಂಡಿಗಿಂತ ಹೆಚ್ಚು. ಸ್ಕಾಟ್‌ಲೆಂಡಿನ ವಿದ್ಯಾರ್ಥಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕವಿಲ್ಲ. ಅದೇ ಬೆಂಚಿನಲ್ಲಿ ಕೂರುವ ಇಂಗ್ಲೆಂಡಿನ ಹುಡುಗಿ ವರ್ಷಕ್ಕೆ ಸಾವಿರಾರು ಪೌಂಡ್ ಕಟ್ಟಬೇಕು. ಬ್ರೆಕ್ಸಿಟ್‌ಗೆ ಮುಂಚೆ ಫ್ರಾನ್ಸಿನಿಂದ ಬಂದ ಹುಡುಗನಿಗೂ ಅಲ್ಲಿ ಶುಲ್ಕವಿರಲಿಲ್ಲ. 2004ರಲ್ಲಿ ಇಂಗ್ಲೆಂಡಿನ ಶುಲ್ಕ ಏರಿಸುವ ಮಸೂದೆ ಬರೀ ಐದು ಮತಗಳ ಅಂತರದಿಂದ ಗೆದ್ದಾಗ, ಪರವಾಗಿ ಕೈ ಎತ್ತಿದವರಲ್ಲಿ ಸ್ಕಾಟ್‌ಲೆಂಡಿನ ಸಂಸದರೂ ಇದ್ದರು. ತಮ್ಮ ಮತದಾರರಿಗೆ ತಟ್ಟದ ಶುಲ್ಕವನ್ನು ಅವರು ಬೇರೆಯವರ ಮಕ್ಕಳಿಗೆ ಹಾಕಿದರು. ಇದು ನ್ಯಾಯವಾದ ದೂರು. ಅದು ‘ನಮ್ಮ ತೆರಿಗೆ ತಿಂದು ನಮ್ಮನ್ನೇ ಬೈಯುವ ಜನ’ ಎಂದು ಇಡೀ ನಾಡಿನ ಹಣೆಗೆ ಅಂಟಿದಾಗ ಪೂರ್ವಗ್ರಹವಾಗುತ್ತದೆ. 2005ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್, ಲಂಡನ್ನಿನ ಸರ್ಕಾರದಲ್ಲಿ ಸ್ಕಾಟರು ತುಂಬಿರುವುದನ್ನು ಭಾರತದ ಬ್ರಿಟಿಷ್ ರಾಜ್‌ಗೆ ಹೋಲಿಸಿದರು. 2015ರ ಚುನಾವಣೆಯಲ್ಲಿ ಥ್ಯಾಚರ್ ಅವರ ಕನ್ಸರ್ವೇಟಿವ್ ಪಕ್ಷದವರು ಎದುರಾಳಿ ಲೇಬರ್ ಪಕ್ಷದ ನಾಯಕನನ್ನು ಸ್ಕಾಟ್‌ಲೆಂಡಿನ ರಾಷ್ಟ್ರೀಯವಾದಿ ನಾಯಕನ ಜೇಬಿನಲ್ಲಿ ಕೂರಿಸಿದ ಪೋಸ್ಟರುಗಳನ್ನು ಹಚ್ಚಿದರು. ಸ್ಕಾಟರ ಮತಕ್ಕೆ ದೇಶದಲ್ಲಿ ಬೆಲೆ ಬರುವುದೇ ಒಂದು ಅಪಾಯ ಎಂಬಂತೆ ತೋರಿಸಿದ ಆ ಚಿತ್ರ ಉತ್ತರದಲ್ಲಿ ತುಂಬ ಜನರನ್ನು ನೋಯಿಸಿತು.

ಇದೆಲ್ಲವೂ ಒಟ್ಟಿಗೆ ಹೊರಬರುವುದು ಆಟದ ದಿನ. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ನಡೆದದ್ದೇ ಈ ಎರಡು ತಂಡಗಳ ನಡುವೆ, 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ. ಒಂದು ಗೋಲೂ ಬರಲಿಲ್ಲ. ಇಂಗ್ಲೆಂಡ್ ಯಾರ ವಿರುದ್ಧ ಆಡುತ್ತದೋ ಅವರೇ ನಮ್ಮ ತಂಡ ಎನ್ನುವುದು ಸ್ಕಾಟರ ಹಳೆಯ ಮಾತು. ಅವರನ್ನು ಕೇಳಿದರೆ, ಟಿವಿಯ ವೀಕ್ಷಕ ವಿವರಣೆಗಾರರು 1966ರ ವಿಶ್ವಕಪ್ ಗೆಲುವನ್ನು ಪ್ರತಿಸಲ ಎಳೆದು ತರುವುದರಿಂದಲೇ ಹೀಗಾಯಿತು ಎನ್ನುತ್ತಾರೆ. ಸ್ಕಾಟ್‌ಲೆಂಡ್ ಸೋತರೆ ಹೆಚ್ಚಿನ ಇಂಗ್ಲಿಷರಿಗೆ ಪಾಪ ಅನ್ನಿಸುತ್ತದೆ, ಗೆದ್ದರೆ ಖುಷಿಯೂ ಆಗುತ್ತದೆ. ಆ ಔದಾರ್ಯವೂ ಸ್ಕಾಟರಿಗೆ ಚುಚ್ಚುತ್ತದೆ. ಸಮಾನರ ನಡುವೆ ಪೈಪೋಟಿ ಇರುತ್ತದೆ. ಕನಿಕರ ಬರುವುದು ಸಣ್ಣವರ ಮೇಲೆ.

2006ರಲ್ಲಿ ಸ್ಕಾಟ್‌ಲೆಂಡಿನ 19 ವರ್ಷದ ಟೆನಿಸ್ ಆಟಗಾರ ಆಂಡಿ ಮರೆ, ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಯಾರಿಗೆ ಬೆಂಬಲ ಎಂದು ಕೇಳಿದಾಗ ಇದೇ ಹಳೆಯ ಮಾತನ್ನು ತಮಾಷೆಗೆ ಹೇಳಿದ. ಜೊತೆಯಲ್ಲಿ ಕೂತಿದ್ದ ಇಂಗ್ಲಿಷ್ ಆಟಗಾರ ಟಿಮ್ ಹೆನ್‌ಮನ್ ಅವನನ್ನು ರೇಗಿಸುತ್ತಿದ್ದ, ಅದಕ್ಕೆ ಬಂದ ಉತ್ತರ ಅದು. ಪತ್ರಿಕೆಗಳು ತಮಾಷೆಯನ್ನು ಕಿತ್ತುಹಾಕಿ ಮಾತನ್ನು ಮಾತ್ರ ಉಳಿಸಿಕೊಂಡವು. ವರ್ಷಗಟ್ಟಲೆ ಆ ಹುಡುಗ ದ್ವೇಷದ ಪತ್ರಗಳಿಗೂ ಪ್ರಶ್ನೆಗಳಿಗೂ ಉತ್ತರ ಕೊಡಬೇಕಾಯಿತು. ಗೆದ್ದರೆ ಬ್ರಿಟಿಷ್, ಸೋತರೆ ಸ್ಕಾಟಿಷ್ ಎಂದು ಅವನನ್ನು ಕರೆಯುತ್ತಾರೆ ಎಂಬುದು ಸ್ಕಾಟ್‌ಲೆಂಡಿನಲ್ಲಿ ಗಾದೆಯಾಯಿತು. 2013ರಲ್ಲಿ ಅವನು ವಿಂಬಲ್ಡನ್ ಗೆದ್ದಾಗ ಬ್ರಿಟನ್ನಿನ ಪುರುಷರಿಗೆ ಆ ಪ್ರಶಸ್ತಿ ದಕ್ಕಿ 77 ವರ್ಷವಾಗಿತ್ತು.

ಆದರೆ ಅದೇ 2006ರ ಜೂನ್‌ನಲ್ಲಿ ಇನ್ನೂ ಎರಡು ಘಟನೆಗಳು ನಡೆದವು. ಎಡಿನ್‌ಬರೋದ ಉದ್ಯಾನದಲ್ಲಿ ಇಂಗ್ಲೆಂಡ್ ತಂಡದ ಅಂಗಿ ತೊಟ್ಟಿದ್ದ ಏಳು ವರ್ಷದ ಹುಡುಗನ ತಲೆಗೆ ಒಬ್ಬ ಹೊಡೆದ. ಅಬರ್ಡೀನ್‌ನಲ್ಲಿ ಅಂಗವಿಕಲರೊಬ್ಬರನ್ನು ಇದೇ ಕಾರಣಕ್ಕೆ ಥಳಿಸಿದರು. ಬರೀ ತಮಾಷೆ ಎಂದು ತಳ್ಳಿಹಾಕುವ ಸ್ಕಾಟಿಷ್ ಗೆಳೆಯರು ಈ ಎರಡನ್ನು ನೆನಪಿಟ್ಟುಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹತ್ತು ಪಟ್ಟು ದೊಡ್ಡ ನಾಡಿನ ಮೇಲೆ ಸಿಟ್ಟು ಮಾಡುವುದಕ್ಕೆ ಕಾರಣಗಳಿರಬಹುದು. ಅದೇ ನಾಡಿನ ಒಬ್ಬಳು ಹುಡುಗಿ ಗ್ಲಾಸ್ಗೋದ ತರಗತಿಯಲ್ಲಿ ಒಂಟಿಯಾಗಿ ಕೂತಿರುವಾಗ ಗಾತ್ರದ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಸಣ್ಣವಳು ಅವಳೇ. ಬಾಯಿ ತೆರೆದರೆ ಉಚ್ಚಾರ ಗೊತ್ತಾಗುತ್ತದೆ ಎಂದು ಸುಮ್ಮನಿರುವವಳೂ ಅವಳೇ.

2011ರ ಗಣತಿಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಸ್ಕಾಟ್‌ಲೆಂಡಿನಲ್ಲಿ ನೆಲೆಸಿದವರು ಸುಮಾರು 4 ಲಕ್ಷ 60 ಸಾವಿರ. ಗುಡ್ಡಗಾಡು, ದ್ವೀಪಗಳ ಕಡೆ ಮನೆ ಕೊಳ್ಳುವ ಇಂಗ್ಲಿಷರನ್ನು ‘ವೈಟ್ ಸೆಟ್ಲರ್ಸ್’, ಅಂದರೆ ಬಿಳಿ ವಲಸಿಗರು, ಎಂದು ಹಂಗಿಸುವುದುಂಟು. ದಕ್ಷಿಣದಲ್ಲಿ ಮನೆ ಮಾರಿ ಬಂದವರ ಹಣದ ಮುಂದೆ ಊರಿನ ಯುವ ಜೋಡಿಗಳಿಗೆ ಮನೆ ಕೈಗೆಟುಕುವುದಿಲ್ಲ, ಆ ಸಂಕಟ ದಿಟವಾದದ್ದು. ಅದಕ್ಕೆ ಉತ್ತರ ಸಿಗಬೇಕಾದದ್ದು ವಸತಿಯ ನೀತಿಯಲ್ಲಿ. ಆದರೆ ಏಟು ಬೀಳುವುದು ಪಕ್ಕದ ಮನೆಯವರ ಮೇಲೆ.

ಕಾನೂನು ಈ ವಿಷಯವನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಉತ್ತರ ಸ್ಕಾಟ್‌ಲೆಂಡಿನ ಪೊಲೀಸ್ ಮುಖ್ಯಸ್ಥನ ಹುದ್ದೆಗೆ ಅರ್ಜಿ ಹಾಕಿದ ಒಬ್ಬರು, ಇಂಗ್ಲಿಷನೆಂಬ ಕಾರಣಕ್ಕೆ ತನ್ನನ್ನು ಬಿಟ್ಟರು ಎಂದು ದೂರಿದ್ದರು. ಇಂಗ್ಲಿಷರೂ ಸ್ಕಾಟರೂ ಬೇರೆ ಬೇರೆ ರಾಷ್ಟ್ರೀಯ ಮೂಲದವರು, ಹಾಗಾಗಿ ಜನಾಂಗ ಭೇದದ ಕಾನೂನು ಅವರ ನಡುವೆಯೂ ನಡೆಯುತ್ತದೆ ಎಂದು ಮೇಲ್ಮನವಿ ನ್ಯಾಯಮಂಡಳಿ 1997ರಲ್ಲಿ ಹೇಳಿತು. ಮೂರ್ನಾಲ್ಕು ವರ್ಷಗಳ ನಂತರ ಇಂಗ್ಲಿಷ್ ಕ್ರೀಡಾ ಪತ್ರಕರ್ತರೊಬ್ಬರ ಮೊಕದ್ದಮೆಯಲ್ಲಿ ಸ್ಕಾಟ್‌ಲೆಂಡಿನ ಉನ್ನತ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಆ ತೀರ್ಪು ಹೇಳಿದ್ದು ಅವರಿಗೆ ಅನ್ಯಾಯವಾಗಿದೆ ಎಂದಲ್ಲ, ಹೀಗೆ ದೂರಲು ಹಕ್ಕಿದೆ ಎಂದು.

ಸ್ಕಾಟ್‌ಲೆಂಡಿನ ಸ್ವಾತಂತ್ರ್ಯದ ಚಳವಳಿಯನ್ನು ಈ ಕಹಿಯ ಜೊತೆ ಗಂಟುಹಾಕುವವರೂ ಇದ್ದಾರೆ. 2014ರ ಜನಮತಗಣನೆಯಲ್ಲಿ ಮತ ಹಾಕಲು ಬೇಕಾದದ್ದು ಅಲ್ಲಿನ ವಾಸ, ರಕ್ತವಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಇನ್‌ವರ್ನೆಸ್‌ನಲ್ಲಿ ಬಾಳುವವರಿಗೆ ಮತವಿತ್ತು. ಇನ್‌ವರ್ನೆಸ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬಾಳುವವರಿಗೆ ಇರಲಿಲ್ಲ. ಸ್ವಾತಂತ್ರ್ಯ ಬೇಡ ಎಂದವರು ನೂರಕ್ಕೆ 55, ಬೇಕೆಂದವರು 45. ಬೇಕೆಂದವರಲ್ಲಿ ಇಂಗ್ಲೆಂಡಿನಿಂದ ಬಂದವರೂ ಇದ್ದರು.

ಈ ಎರಡು ನಾಡುಗಳು ಪ್ರತಿವರ್ಷ ಪೈಪೋಟಿ ಮಾಡುವ ರಗ್ಬಿಯ ಬಟ್ಟಲೊಂದಿದೆ, ಹೆಸರು ಕಲ್ಕತ್ತಾ ಕಪ್. 1878ರಲ್ಲಿ ಕಲ್ಕತ್ತೆಯ ರಗ್ಬಿ ಕ್ಲಬ್ಬು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆದು, ಕರಗಿಸಿ, ಮಾಡಿಸಿದ ಬಟ್ಟಲು ಅದು. ಹಿಡಿಗಳು ಮೂರು ನಾಗರಹಾವುಗಳು, ಮುಚ್ಚಳದ ಮೇಲೆ ಆನೆ. 1988ರಲ್ಲಿ ಎಡಿನ್‌ಬರೋದಲ್ಲಿ ಇಂಗ್ಲೆಂಡ್ ಗೆದ್ದ ರಾತ್ರಿ, ಇಂಗ್ಲೆಂಡಿನ ಡೀನ್ ರಿಚರ್ಡ್ಸ್ ಮತ್ತು ಸ್ಕಾಟ್‌ಲೆಂಡಿನ ಜಾನ್ ಜೆಫ್ರಿ ಕುಡಿದ ಅಮಲಿನಲ್ಲಿ ಆ ಬಟ್ಟಲನ್ನು ಹೊತ್ತುಕೊಂಡು ಹೋಗಿ, ಪ್ರಿನ್ಸೆಸ್ ಸ್ಟ್ರೀಟ್‌ನಲ್ಲಿ ಚೆಂಡಿನಂತೆ ಒದೆದು ಆಡಿದರು. ಬೆಳಗಾಗುವಷ್ಟರಲ್ಲಿ ಅದು ನುಗ್ಗುನುಜ್ಜಾಗಿತ್ತು. ಮಧ್ಯಾಹ್ನ ಮೈದಾನದಲ್ಲಿ ಒಬ್ಬರನ್ನೊಬ್ಬರು ನೆಲಕ್ಕೆ ಕೆಡವಿದ್ದವರು ರಾತ್ರಿ ಒಂದೇ ತಂಡವಾಗಿದ್ದರು. ಇಂಗ್ಲೆಂಡಿನ ರಗ್ಬಿ ಮಂಡಳಿ ತನ್ನ ಆಟಗಾರನನ್ನು ಒಂದು ಪಂದ್ಯದಿಂದ ಹೊರಗಿಟ್ಟಿತು. ಸ್ಕಾಟ್‌ಲೆಂಡಿನ ಮಂಡಳಿ ತನ್ನವನನ್ನು ಹೊರಗಿಟ್ಟಿದ್ದು ಆರು ತಿಂಗಳು.